ಹದಿನಾಲ್ಕನೇ ಯಂತ್ರದ ನೆರಳು

ಏಪ್ರಿಲ್ 8, ಸಂಜೆ 7

ಹದಿನಾಲ್ಕನೇ ಗಾಳಿಯಂತ್ರದ ಗೇರ್‌ಬಾಕ್ಸ್ ಎಣ್ಣೆ ಸರಿಯಿದೆ. ಯಂತ್ರದ ತಲೆಯನ್ನು ಗಾಳಿಯ ಕಡೆ ತಿರುಗಿಸುವ ಮೋಟಾರಿನ ಕಿರುಗುಟ್ಟುವಿಕೆ ನಿಂತಿಲ್ಲ. ಗ್ರೀಸ್ ಸಾಲದು, ಹಲ್ಲುಗಳನ್ನೇ ನೋಡಬೇಕು. ಗಾಳಿ ಮಂದ. ಏಣಿ ಇಳಿಯುವಾಗ ಮೊಣಕಾಲು ವಯಸ್ಸು ನೆನಪು ಮಾಡಿತು — ಐವತ್ತೆರಡು.

ಕಂಟ್ರೋಲ್ ರೂಮಿನಲ್ಲಿ ಸೈಟ್ ಮ್ಯಾನೇಜರ್ ರಾಮಾಂಜನೇಯ ನಗುತ್ತ ಕುಳಿತಿದ್ದರು. ನನಗಿಂತ ಕಿರಿಯರು, ನಗು ಸುಲಭವಾಗಿ ಬರುತ್ತದೆ. ಗುಡ್ಡದ ಕೆಳಗಿನ ಊರಿನಿಂದ ಪಂಚಾಯಿತಿಗೆ ದೂರು ಬಂದಿದೆಯಂತೆ.

"ಶಬ್ದ ಅಂದ್ರು. ಮೋಡ ಓಡಿಸ್ತೀರಿ ಅಂದ್ರು. ಈಗ ನೋಡ್ರಿ ಸಾರ್, ನೇಯೋ ಸೀರೆ ಮ್ಯಾಲೆ ನಮ್ಮ ಫ್ಯಾನಿನ ನೆರಳು ಬೀಳ್ತೈತಂತೆ!"

ನಾನು ನಗಲಿಲ್ಲ. ಸೂರ್ಯ ಯಂತ್ರದ ಹಿಂದೆ ಇಳಿಯುವಾಗ ರೆಕ್ಕೆಗಳ ನೆರಳು ಬಹಳ ದೂರ ಹೋಗುತ್ತದೆ. ನಾಳೆ ಹೋಗಿ ನೋಡುವುದು.

ಏಪ್ರಿಲ್ 9

ದೂರು ನಿಜ.

ದೇವಸಮುದ್ರದ ರಸ್ತೆಯಿಂದ ಒಳಗೆ, ಕೊನೆಯ ಓಣಿ, ಶೀಟಿನ ಮನೆ. ಅತ್ತೆ ಸೊಸೆ ಇಬ್ಬರೇ. ಅತ್ತೆ ಯರ್ರಮ್ಮ, ಎಪ್ಪತ್ತು ದಾಟಿದವರು. ಸೊಸೆ ಗಂಗಲಕ್ಷ್ಮಿ ಅವರು, ನನಗಿಂತ ಐದಾರು ವರ್ಷ ಚಿಕ್ಕವರಿರಬಹುದು. ಗೋಡೆಯ ಮೇಲೆ ಹಾರ ಹಾಕಿದ ಒಂದು ಫೋಟೋ — ಒಬ್ಬರಿಗೆ ಮಗ, ಇನ್ನೊಬ್ಬರಿಗೆ ಗಂಡ. ನೆಲ ಅಗೆದು ಕೂರಿಸಿದ ಗುಂಡಿ ಮಗ್ಗ. ಪಡುವಣ ಕಿಟಕಿಯ ಬೆಳಕು ನೇರ ಅದರ ಮೇಲೆ.

"ಬಂದ್ರಾ ಸಾಮಿ, ಕೂಕಳ್ರಿ. ಈಗ ಬರ್ತೈತೆ ನೋಡ್ರಿ ನಿಮ್ಮ ದೆವ್ವ," ಎಂದರು ಯರ್ರಮ್ಮ.

ಬಂತು. ಮಗ್ಗಕ್ಕೆ ಬಿಗಿದ ಹಾಸಿನ ಎಳೆಗಳ ಮೇಲೆ ಕಪ್ಪು ಪಟ್ಟಿ ಹರಿದು ಹೋಯಿತು. ಮತ್ತೊಂದು. ಮತ್ತೊಂದು. ರೇಷ್ಮೆ ಆರಿ ಹೊತ್ತಿಕೊಳ್ಳುವಂತೆ ಕಾಣುತ್ತಿತ್ತು. ಯರ್ರಮ್ಮ ಎರಡು ನಿಮಿಷದಲ್ಲಿ ಕಣ್ಣು ಮುಚ್ಚಿ ಗೋಡೆಗೊರಗಿದರು.

ಸೊಸೆ ಮಾತು ಕಡಿಮೆ. ಆದರೆ ಸಮಸ್ಯೆಯನ್ನು ಕ್ರಮವಾಗಿ ಹೇಳಿದರು. ದೆಹಲಿಯ ಕೈಮಗ್ಗ ಪ್ರಶಸ್ತಿಗೆ ಸೀರೆ ಕಳಿಸಬೇಕು. ತಿಂಗಳ ಕೊನೆಯೇ ಗಡುವು. ಮಧ್ಯಾಹ್ನ ಶೀಟು ಕಾದು ಎಳೆ ಪಟಪಟ ಕಡಿಯುತ್ತದೆ, ಈ ವರ್ಷ ಹೋದ ವರ್ಷಕ್ಕಿಂತ ಹೆಚ್ಚು. ಉಳಿದದ್ದು ಬೆಳಿಗ್ಗೆ, ಸಂಜೆ. ಬಣ್ಣದ ಅಂಚಿನ ಸೀರೆಗೆ ಮೂರು ಲಾಳಿ. ಎಡಗಡೆಯ ಅಂಚಿನ ಲಾಳಿ ಎಸೆಯಲು ಪಕ್ಕದಲ್ಲಿ ಇನ್ನೊಬ್ಬರು ಬೇಕು. ಅದು ಅತ್ತೆ. ನೆರಳಿಗೆ ಅತ್ತೆಗೆ ತಲೆ ಸುತ್ತುತ್ತದೆ, ಮಲಗಿಬಿಡುತ್ತಾರೆ, ಇಡೀ ಸಂಜೆ ಹೋಯಿತು. ಓಣಿಯ ಉಳಿದ ಕೈಗಳೆಲ್ಲ ಗಾರ್ಮೆಂಟ್ಸ್ ವ್ಯಾನು ಹತ್ತಿವೆ.

"ನಿಲ್ಸಿ ಅನ್ನಲ್ಲ ಸಾರ್. ಆ ಹೊತ್ತಿಗೆ ಮಾತ್ರ…"

ಟೀ ಕೊಟ್ಟರು. ಸಕ್ಕರೆ ಕಡಿಮೆ. ಚೆನ್ನಾಗಿತ್ತು.

ಏಪ್ರಿಲ್ 10

ಲೆಕ್ಕ ಹಾಕಿದೆ. ಸೂರ್ಯ ಉತ್ತರಕ್ಕೆ ಸರಿಯುತ್ತಿದ್ದಾನೆ. 26ರ ನಂತರ ನೆರಳು ಆ ಕಿಟಕಿ ಬಿಟ್ಟು ಪಕ್ಕದ ಹೊಲಕ್ಕೆ ಹೋಗುತ್ತದೆ. ಆಗಸ್ಟ್ 17ಕ್ಕೆ ಮರಳಿ ಬರುತ್ತದೆ. ಅಂದರೆ ಈಗ ದಿನಕ್ಕೆ ಹೆಚ್ಚೆಂದರೆ ಇಪ್ಪತ್ತೈದು ನಿಮಿಷ, ಒಂದು ಯಂತ್ರ.

ಅಷ್ಟು ಹೊತ್ತು ಅದೊಂದನ್ನು ನಿಲ್ಲಿಸೋಣವೆಂದು ರಾಮಾಂಜನೇಯ ಅವರಿಗೆ ಹೇಳಿದೆ. ಈ ಬಾರಿ ನಗಲಿಲ್ಲ. "ಯಾವ ಹೊತ್ತು ಸಾರ್ ಅದು? ಸೋಲಾರ್ ಬೀಳೋ ಹೊತ್ತು. ರಾಜ್ಯದ ಲೋಡೆಲ್ಲ ಏಳೋ ಹೊತ್ತು. ಆಗ ಒಂದು ಯೂನಿಟ್ಟೂ ಬಿಡಬ್ಯಾಡ್ರಿ ಅಂತ ಮ್ಯಾಲಿಂದ ಐತೆ. ನಾವು ನಿಲ್ಲಿಸಿದ್ರೆ ಎಲ್ಲೋ ಒಂದು ಕಡೆ ಕಲ್ಲಿದ್ದಲು ಸುಡ್ತಾರೆ. ನೀವೇ ನಂಗೆ ಹೇಳಿಕೊಟ್ಟಿದ್ದು."

ಹೌದು. ನಾನೇ. ಅವರ ಮಾತು ಸರಿ; ಅದೇ ತೊಂದರೆ.

ಏಪ್ರಿಲ್ 11

ಫೋನಿನಲ್ಲಿ ಹೇಳುವ ವಿಷಯವಲ್ಲ. ಹೋದೆ. ಸಂಜೆಯ ವಿದ್ಯುತ್ತು ಏಕೆ ಅಮೂಲ್ಯ ಎಂಬುದನ್ನು ಆದಷ್ಟು ಸರಳವಾಗಿ ವಿವರಿಸಿದೆ. ಕಲ್ಲಿದ್ದಲು ಸುಡುವುದನ್ನು ಕಡಿಮೆ ಮಾಡುತ್ತೇವೆಂದು ದೇಶ ಜಗತ್ತಿಗೆ ಕೊಟ್ಟ ಮಾತನ್ನೂ ಹೇಳಿದೆ.

ಯರ್ರಮ್ಮ ಪೂರ್ತಿ ಕೇಳಿದರು. "ಡೆಲ್ಲಿಯೋರು ಮಾತು ಕೊಡಾದು, ನನ್ನ ತಲೆ ತಿರುಗಾದು. ಬಾಗುಂದಿ ಸಾಮಿ, ಚೆಂದೈತೆ!"

"ಅತ್ತೆ, ಸುಮ್ಕಿರ್ರಿ," ಎಂದರು ಸೊಸೆ. ನಂತರ ನನ್ನ ಕಡೆ ತಿರುಗಿ: "ಡೆಲ್ಲಿಯೋರೇ ಸೀರೆ ಕೇಳಿರಾದು, ಡೆಲ್ಲಿಯೋರೇ ಗಾಳಿ ಕೇಳಿರಾದು. ಇಬ್ರಿಗೂ ಒಂದೇ ಹೊತ್ತು ಬೇಕು. ಏನ್ಮಾಡಾಕಾಗ್ತೈತೆ ಬಿಡ್ರಿ ಸಾರ್."

ದೂರಿನ ಧ್ವನಿಯಾಗಿರಲಿಲ್ಲ. ಅದಕ್ಕೇ ಇರಬೇಕು, ಯೋಚಿಸದೆ ಕೇಳಿಬಿಟ್ಟೆ — ಆ ಲಾಳಿ ಎಸೆಯುವುದನ್ನು ಕಲಿಯಲು ಎಷ್ಟು ದಿನ ಬೇಕು? ನನಗೆ ಆ ನೆರಳು ಅಭ್ಯಾಸ. ಇಪ್ಪತ್ತು ವರ್ಷ ಅದರ ಬುಡದಲ್ಲೇ ಇದ್ದೇನೆ. ತಲೆ ಸುತ್ತುವುದಿಲ್ಲ.

ಸೊಸೆ ಎದ್ದು ಮೂಲೆಯಿಂದ ಒಂದು ಖಾಲಿ ಲಾಳಿ ತಂದು ನನ್ನ ಮುಂದಿಟ್ಟರು.

ಏಪ್ರಿಲ್ 13

ಎರಡು ಸಂಜೆ ಹಳೆಯ ತುಂಡು ಹಾಸಿನ ಮೇಲೆ ಅಭ್ಯಾಸ. ಎಳೆ ಮೂರು ಬಾರಿ ಕಡಿದೆ. ಮೊದಲು ಅವರ ಲಾಳಿ, ನಂತರ ನನ್ನದು, ಎರಡು ಬಣ್ಣ ಒಂದನ್ನೊಂದು ಹಿಡಿದುಕೊಳ್ಳಬೇಕು, ಆಮೇಲೆ ಎಳೆ ಕೂರಿಸುವ ಹಲಗೆಯ ಪೆಟ್ಟು. ತತ್ತ್ವ ಸುಲಭ. ಕೈ ಕೇಳುವುದಿಲ್ಲ.

ಹಿತ್ತಲಿನ ಬಾಗಿಲಲ್ಲಿ ಕುಳಿತು ಯರ್ರಮ್ಮ: "ಇಂಜಿನೇರು ಓದ್ಯಾರಂತೆ. ಲಾಳಿ ಹಾವು ಹಿಡ್ದಂಗೆ ಹಿಡ್ಕಂಡಾರೆ."

"ನೀವು ಕಣ್ಮುಚ್ಕಂಡು ಕೂತಿರ್ರಿ ಅತ್ತೆ."

"ಕಣ್ಮುಚ್ಚಿದ್ರೂ ಕೇಳಿಸ್ತೈತಲ್ಲೇ, ಎಳೆ ಕಡ್ದ ಸದ್ದು!"

ನನಗೂ ನಗು ಬಂತು. ನಾಳೆಯಿಂದ ನಿಜವಾದ ಸೀರೆ. ನೆರಳಿನ ಹೊತ್ತಿನಲ್ಲಿ ಬುಟ್ಟಾದ ಹೂಗಳಿಲ್ಲ, ಬರೀ ಒಡಲು ಮತ್ತು ಅಂಚು. ಅದಕ್ಕೆ ಕಣ್ಣಿಗಿಂತ ಕೈ ಮುಖ್ಯ, ಎಂದರು ಸೊಸೆ.

ಏಪ್ರಿಲ್ 16

ಒಂದು ಗೇಣು ಮುಂದೆ ಹೋಗಿದ್ದೇವೆ. ತಪ್ಪಿಲ್ಲ. ಮಾತೂ ಇಲ್ಲ — ಬೇಕೆನಿಸುವುದಿಲ್ಲ. ಲಾಳಿ, ಲಾಳಿ, ಪೆಟ್ಟು. ಒಂದು ವಿಷಯ ಗಮನಿಸಿದೆ: ಮಂದಗಾಳಿಯಲ್ಲಿ ಎರಡು ರೆಕ್ಕೆ ದಾಟುವ ಹೊತ್ತಿಗೆ ನಮ್ಮದೊಂದು ಸುತ್ತು ಮುಗಿಯುತ್ತದೆ. ಅವರೂ ಗಮನಿಸಿದ್ದಾರೆ ಎಂದು ಅನುಮಾನ.

ಏಪ್ರಿಲ್ 19

ಕೆಲಸ ಕೆಡಿಸಿದೆ.

ಸಂಜೆ ಗಾಳಿ ಏಕಾಏಕಿ ಎದ್ದಿತು. ನೆರಳು ಚುರುಕಾಯಿತು. ನಾನು ಅವರ ಪೆಟ್ಟನ್ನು ಬಿಟ್ಟು ರೆಕ್ಕೆಯ ತಾಳ ಹಿಡಿದಿದ್ದೆ — ಗೊತ್ತಿಲ್ಲದೆ. ಅವಸರಕ್ಕೆ ಅಂಚಿನ ಎಳೆಯನ್ನು ಬಿಗಿಯಾಗಿ ಎಳೆಯುತ್ತ ಹೋದೆ. ಅವರು ಪೆಟ್ಟು ನಿಲ್ಲಿಸಿದಾಗಲೇ ಎಚ್ಚರ. ನಾಲ್ಕು ಬೆರಳಗಲ ಅಂಚು ಒಳಗೆ ಸೊಂಟದಂತೆ ಬಳುಕಿದೆ. ಕೂದಲೆಳೆಯಷ್ಟು. ಆದರೆ ಸ್ಪರ್ಧೆಯ ಸೀರೆ.

ಕ್ಷಮೆ ಕೇಳಿದೆ. ಅವರು ಬೆರಳಿನಿಂದ ಅಂಚನ್ನು ಸವರಿ ನೋಡಿದರು. "ನಾಳೆ ನೋಡಾಣ ಸಾರ್." ಇಂದು ಟೀ ಕುಡಿಯಲು ನಿಲ್ಲಲಿಲ್ಲ.

ಏಪ್ರಿಲ್ 20, ಚಳ್ಳಕೆರೆ

ಭಾನುವಾರ. ಅಣ್ಣನ ಮನೆ. ಟಿ.ವಿ.ಯಲ್ಲಿ ನಾಲ್ಕು ಪಕ್ಷದ ನಾಲ್ವರು ಒಟ್ಟಿಗೆ ಕೂಗುತ್ತಿದ್ದರು. ಅಣ್ಣ ಕೊಟ್ಟೂರಪ್ಪ ಐದನೆಯವನಾಗಿ ಸೇರಿಕೊಂಡ. ಜಗದಾಂಬ ಅತ್ತಿಗೆ ನನ್ನ ಬೆರಳು ನೋಡಿದರು. ರೇಷ್ಮೆ ಎಳೆ ಕೊಯ್ದ ಗೆರೆ.

"ಇದೇನ್ರಿ ಮೈದುನ್ರೇ, ಗಾಳಿಯಂತ್ರಕ್ಕೆ ಹಲ್ಲು ಬಂದಾವಾ?"

ಹೇಳಿದೆ. ಅಗತ್ಯವಿದ್ದಷ್ಟು ಮಾತ್ರ. ಅತ್ತಿಗೆ ಹೋಳಿಗೆ ಲಟ್ಟಿಸುವುದನ್ನು ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡರು. ನನ್ನ ಹೆಂಡತಿ ತೀರಿಕೊಂಡು ಆರು ವರ್ಷ. ಈ ಮನೆಯಲ್ಲಿ ನಾನು ಇಷ್ಟು ಮಾತಾಡಿದ್ದು ಆಮೇಲೆ ಇದೇ ಮೊದಲು ಎಂದರು. ಇರಬಹುದು.

ಏಪ್ರಿಲ್ 21

ಬಿಚ್ಚಿ ಮತ್ತೆ ನೇಯುವುದಾದರೆ ಎಷ್ಟು ದಿನವಾದರೂ ಕೂರುತ್ತೇನೆ ಎಂದೆ.

"ಬಿಚ್ಚಿದ ರೇಷ್ಮೆ ನೊಂದಿರ್ತೈತೆ ಸಾರ್. ಮತ್ತೆ ಹಾಕಿದ್ರೆ ಹೊಳಪು ಬರಲ್ಲ. ದಿನಾನೂ ಇಲ್ಲ. ಇರ್ಲಿ ಹಂಗೇ."

ಕಂಟ್ರೋಲ್ ರೂಮಿನ ದಾಖಲೆಯಲ್ಲಿ ಆ ಸಂಜೆಯ ಗಾಳಿಯ ವೇಗ ನೋಡಿ ಬಂದಿದ್ದೆ. ಮೊಬೈಲಿನಲ್ಲಿ ಆ ಗೆರೆ ತೋರಿಸಿದೆ: ಮಟ್ಟಸವಾಗಿ ಬಂದು, ಏರಿ, ಮತ್ತೆ ಇಳಿದಿದೆ. ಅವರು ಮೊಬೈಲನ್ನು ಅಂಚಿನ ಪಕ್ಕಕ್ಕೇ ಹಿಡಿದರು. ಬಳುಕು ಅದೇ.

"ಅಲ್ಲಿಗೆ, ತಪ್ಪು ನಿಮ್ದಲ್ಲ. ಗಾಳೀದು," ಎಂದು ನಕ್ಕರು. ಮೊದಲ ಬಾರಿ ನೋಡಿದೆ.

ಯರ್ರಮ್ಮ ಒಳಗಿನಿಂದ: "ಟೀ ಆರೋಗ್ತೈತೆ, ಕುಡಿ ಸಾಮಿ." ಇಷ್ಟು ದಿನದ ಬಹುವಚನ ಇಂದು ಹೋಯಿತು. ನಷ್ಟವೆನಿಸಲಿಲ್ಲ.

ಏಪ್ರಿಲ್ 29

ಸೀರೆ ಹೋಯಿತು. ಕೊನೆಯ ದಿನಗಳಲ್ಲಿ ನೆರಳು ತೆಳುವಾಗಿ, ಕಿಟಕಿಯ ಮೂಲೆಗೆ ಸರಿದು, ಲೆಕ್ಕದ ದಿನವೇ ನಿಂತಿತು. ಯರ್ರಮ್ಮ ತಮ್ಮ ಜಾಗಕ್ಕೆ ಮರಳಿದ್ದಾರೆ. ನಾನು ಹೋಗಲು ಕಾರಣವಿಲ್ಲ.

ಮೇ 11

ಮೋಟಾರಿನ ಹಲ್ಲು ಬದಲಾಯಿಸಿದೆವು. ಆ ಓಣಿಯಲ್ಲಿ ಹಾದು ಬಂದೆ. ದಾರಿ ಸ್ವಲ್ಪ ಸುತ್ತು.

ಜೂನ್ 22

ಗಾಳಿಯ ಕಾಲ. ಎಲ್ಲ ಯಂತ್ರಗಳೂ ತುಂಬು ಉತ್ಪಾದನೆಯಲ್ಲಿ. ಅಷ್ಟರಲ್ಲಿ, ನಡುಹಗಲು, ಗ್ರಿಡ್ಡಿನಿಂದ ಆದೇಶ: ಸೋಲಾರ್ ಹೆಚ್ಚಾಗಿದೆ, ಭಾನುವಾರ, ಬೇಡಿಕೆಯಿಲ್ಲ — ಉತ್ಪಾದನೆ ಇಳಿಸಿ. ಸಂಜೆಯವರೆಗೆ ಇಡೀ ಗುಡ್ಡ ಸುಮ್ಮನೆ ನಿಂತಿತ್ತು. ಏಪ್ರಿಲ್‌ನಲ್ಲಿ ಒಂದು ಯಂತ್ರ ನಿಲ್ಲಿಸಲು ಇಪ್ಪತ್ತೈದು ನಿಮಿಷ ಇರಲಿಲ್ಲ.

ಊರಿನಿಂದ ಫೋನ್. ಯರ್ರಮ್ಮ. "ಎಲ್ಲಾ ನಿಂತಾವೆ? ಹುಷಾರಾಗಿದೀಯಾ ಸಾಮಿ? ಸೊಸೆ ಕೇಳು ಅಂದ್ಲು." ಹಿಂದಿನಿಂದ: "ನಾನೆಲ್ಲಿ ಅಂದೆ ಅತ್ತೆ!"

ಕಾರಣ ವಿವರಿಸಿದೆ.

"ಹಾಲು ಜಾಸ್ತಿ ಆತು ಅಂತ ಎಮ್ಮೆ ಬಾಯಿ ಕಟ್ಟಿದಂಗಾತು. ಹೆಪ್ಪು ಹಾಕಿ ಇಟ್ಕಳಾಕೆ ಬರಲ್ವಾ?"

ಬರುತ್ತದೆ, ಬ್ಯಾಟರಿಗಳು ಬರುತ್ತಿವೆ ಎಂದೆ. ಎರಡು ವರ್ಷದ ನೀತಿ ಚರ್ಚೆಯಲ್ಲಿ ಇಷ್ಟು ಚಿಕ್ಕದಾಗಿ ಯಾರೂ ಕೇಳಿದ್ದಿಲ್ಲ.

ಜುಲೈ 15

ದೇಶದ ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧ ಈಗ ಕಲ್ಲಿದ್ದಲು, ತೈಲ, ಅನಿಲದ್ದಲ್ಲ — ಟಿ.ವಿ. ಸುದ್ದಿ. ಕಂಟ್ರೋಲ್ ರೂಮಿನಲ್ಲಿ ಯಾವ ಸರ್ಕಾರದ್ದು ಆ ಶ್ರೇಯಸ್ಸು ಎಂದು ಜಗಳ. ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ ಎಂದು ಹೇಳಹೋದೆ; ಯಾರಿಗೂ ಬೇಕಿರಲಿಲ್ಲ. ಆದರೂ ಸಂತೋಷವಾಯಿತು. ಆ ಅರ್ಧದಲ್ಲಿ ಹದಿನಾಲ್ಕನೇ ಯಂತ್ರವೂ ಇದೆ.

ಆಗಸ್ಟ್ 3

ಸೀರೆ ವಾಪಸ್ ಬಂದಿದೆ. ಪ್ರಶಸ್ತಿ ಇಲ್ಲ. ಒಡಲಿನ ಕೆಲಸ ಉತ್ತಮ, ಅಂಚು ಒಂದೆಡೆ ಸಮವಿಲ್ಲ, ಎಂದಿದ್ದಾರಂತೆ. ಸರಿಯಾಗಿಯೇ ನೋಡಿದ್ದಾರೆ.

ಹೋದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡ ವಾಕ್ಯ ಬಾಗಿಲಲ್ಲಿ ಉಳಿಯಲಿಲ್ಲ. ಗಂಗಲಕ್ಷ್ಮಿ ಸೀರೆ ಬಿಡಿಸಿ ಆ ನಾಲ್ಕು ಬೆರಳಗಲವನ್ನೇ ನೋಡುತ್ತಿದ್ದಳು. ಮುಖದಲ್ಲಿ ಬೇಸರ ಇತ್ತು, ಇಲ್ಲವೆನ್ನಲಾರೆ. ಆ ಜಾಗದ ಮೇಲೆ ಅಂಗೈ ಇಟ್ಟು: "ಮುಂದಿನ ವರ್ಷ ಇನ್ನೊಂದು ಕಳಿಸಾಣ. ಇದನ್ನ ಮಾರಲ್ಲ."

"ಮಾರಬ್ಯಾಡ," ಎಂದರು ಯರ್ರಮ್ಮ. ಗೋಡೆಯ ಫೋಟೋ ಒಮ್ಮೆ ನೋಡಿದರು. ಆಮೇಲೆ ನನ್ನನ್ನು. "ಮನ್ಯಾಗೆ ಏನರ ಒಳ್ಳೇದು ಆದಾಗ ಉಟ್ಕಳೇ. ನಾನು ಬೈಯಲ್ಲ."

ಗಂಗಲಕ್ಷ್ಮಿ ಸೀರೆ ಮಡಿಸಲು ತೊಡಗಿದಳು. ನಾನು ಇನ್ನೊಂದು ತುದಿ ಹಿಡಿದೆ.

(ಓದಿ ನೋಡಿದಾಗ: 'ಅವರು' ಬಿಟ್ಟು ಬರೆದಿದ್ದೇನೆ. ತಿದ್ದುವುದಿಲ್ಲ.)

ಆಗಸ್ಟ್ 10, ಚಳ್ಳಕೆರೆ

ಅತ್ತಿಗೆಗೆ ಸೀರೆಯ ವಿಷಯ, ಯರ್ರಮ್ಮ ಹೇಳಿದ ಮಾತು, ಎರಡನ್ನೂ ಹೇಳಿದೆ. ಬೇರೇನೂ ಹೇಳಲಿಲ್ಲ.

"ಮುಂದಿನ ವಾರ ಅಲ್ಲ, ಅದರ ಮುಂದಿನ ಭಾನುವಾರ ನಾನೂ ನಿಮ್ಮಣ್ಣಾನೂ ಬರ್ತೀವಿ. ಮಾತು ನಾನಾಡ್ತೀನಿ. ನೀವು ಗಾಳಿ ನೋಡ್ಕಂತ ಕೂತಿರ್ರಿ. ಆದ್ರೆ ಅದಕ್ಕೂ ಮುಂಚೆ ಆಕೀನ ನೀವೇ ಒಂದ್ಮಾತು ಕೇಳ್ಬೇಕು. ಅದು ನನ್ನ ಕೆಲಸ ಅಲ್ಲ."

ಸರಿಯಾದ ಅನುಕ್ರಮ.

ಆಗಸ್ಟ್ 17, ಸಂಜೆ 5

ಕಂಟ್ರೋಲ್ ರೂಮ್. ಲೆಕ್ಕದಂತೆ ಇಂದು ನೆರಳು ಆ ಕಿಟಕಿಗೆ ಮರಳಬೇಕು. ಬೆಳಿಗ್ಗೆಯಿಂದ ದಟ್ಟ ಮೋಡ, ಸೂರ್ಯನಿಲ್ಲದೆ ನೆರಳಿಲ್ಲ. ಮಗ್ಗದ ಮೇಲೆ ಹೊಸ ಸೀರೆ ಇದೆ, ಕಾಯಿಹಸಿರು, ಕೆಂಪಂಚು. ಯರ್ರಮ್ಮನಿಗೆ ಇಂದು ತಲೆ ಸುತ್ತುವುದಿಲ್ಲ. ನನ್ನ ಅಗತ್ಯವಿಲ್ಲ. ಆದ್ದರಿಂದ, ಹೋದರೆ, ನೆರಳಿಗಾಗಿ ಬಂದೆ ಎನ್ನುವಂತಿಲ್ಲ. ಕೇಳಬೇಕಾದುದನ್ನು ಕೇಳಲೆಂದೇ ಬಂದೆ ಎನ್ನಬೇಕು. ವಾಕ್ಯವನ್ನು ಇಲ್ಲಿ ಬರೆದು ನೋಡಿಕೊಂಡರೆ ಉತ್ತಮ.

'ಗಂಗಲಕ್ಷ್ಮಿ, ನಿಮಗೆ ಒಪ್ಪಿಗೆಯಿದ್ದಲ್ಲಿ' — ಇದು ಟೆಂಡರಿನ ಭಾಷೆ.

'ಇನ್ನು ಮುಂದೆ ದಿನಾ ಸಂಜೆ ನಾನು' —

ಪಡುವಣದಲ್ಲಿ ಮೋಡ ಬಿರಿದಿದೆ. ಮೇಜಿನ ಮೇಲೆ ಬಿಸಿಲು. ಹದಿನಾಲ್ಕು ತುಂಬು ವೇಗದಲ್ಲಿದೆ. ಗುಡ್ಡ ಇಳಿಯಲು ನನಗೆ ಇನ್ನು ಹೆಚ್ಚು ಹೊತ್ತಿಲ್ಲ, ಈಗಲೇ ಹೊರಟರೆ ಮೊದಲ ರೆಕ್ಕೆಯ ನೆರಳು ಅವಳ ಹಾಸು ದಾಟುವ ಮುಂಚೆಯೇ ಕೇಳಿ —