ದ್ವಾದಶಿಯ ಕೊಪ್ಪರಿಗೆ

ಏಪ್ರಿಲ್ 28, ಸೋಮವಾರ

ಕುರ್ಚಿಯಿಂದ ಏಳು, ಕೂರು. ಏಳು, ಕೂರು. ಮೂವತ್ತು ಸೆಕೆಂಡಿಗೆ ಒಂಬತ್ತು. ಪಕ್ಕದ ರೈಲ್ವೆ ಪಿಂಚಣಿದಾರ ಹನ್ನೊಂದು ಮಾಡಿದ. ಅವನ ಹೊಟ್ಟೆ ನೋಡಿದರೆ ಐದೇ ಹೆಚ್ಚು ಎನ್ನಬೇಕು. ಹೊಟ್ಟೆಕಿಚ್ಚಾಯಿತು. ಬರೆಯಲು ನಾಚಿಕೆ ಏನು, ಇದನ್ನು ಓದುವವರು ಯಾರು.

ಮೂರನೇ ವಾರ. ಚೆನ್ನೈ ಪೆರಂಬೂರಿನ ಹಾಲ್‌ನಲ್ಲಿ ವ್ಯಾಯಾಮದ ಕ್ಲಾಸು, ಸೋಮ ಬುಧ ಶುಕ್ರ, ಅರವತ್ತು ದಾಟಿದವರಿಗೆ ಮಾತ್ರ. ಕಲಿಸುವವಳು ನಮ್ಮ ಹರ್ಷಿಣಿ, ನನ್ನ ಹೆಂಡತಿ ರತ್ನಾವತಿಯ ತಮ್ಮ ಶ್ರೀಕಾಂತನ ಮಗಳು. ಫಿಸಿಯೊ. ನನ್ನ ಹೆಗಲ ಮೇಲೆ ಕೂತು ಸಮುದ್ರ ನೋಡಿದ ಹುಡುಗಿ ಈಗ ನನ್ನನ್ನೇ ಗದರಿಸುತ್ತಾಳೆ. "ಬ್ಯಾಕ್ ಸ್ಟ್ರೈಟ್ ಮಾವ! ಮೂಚ್ಚು ಪಿಡಿಕ್ಕಾದೀಂಗ, ಉಸಿರು ಬಿಡಿ!" ಕನ್ನಡ, ತಮಿಳು, ಇಂಗ್ಲಿಷ್ ಮೂರನ್ನೂ ಒಂದೇ ಮಿಕ್ಸಿಗೆ ಹಾಕುವ ಜಾತಿ.

ಕೊನೆಗೆ ಕೈಹಿಡಿತದ ಮೀಟರು. ಹಿಂಡಿದೆ. ಮುಖ ನೋಡಿ ಮತ್ತೆ ಹಿಂಡಿಸಿದಳು. ಬಲಗೈ 24 ಕಿಲೋ.

"ಗಂಡಸರಿಗೆ ಇಪ್ಪತ್ತೆಂಟಾದ್ರೂ ಬೇಕು ಮಾವ. ಸಭಾದಲ್ಲಿ ಅಷ್ಟು ದೊಡ್ಡ ಕೊಪ್ಪರಿಗೆ ಎತ್ತೋದು ನೀವೂ ಅಪ್ಪನೂ ತಾನೆ? ಅಪ್ಪನಿಗೆ ಹೇಳ್ಬೇಕು ಇದು."

"ಹೇಳಿದರೆ ನೋಡು. ಎರಡು ತಿಂಗಳು ಕೊಡು, ಮೂವತ್ತು ಮಾಡಿ ತೋರಿಸ್ತೇನೆ."

ಒಪ್ಪಿದಳು. ಮನಸ್ಸಿಲ್ಲದ ಮನಸ್ಸಿನಿಂದ.

ಮೇ 9, ಶುಕ್ರವಾರ

ದ್ವಾದಶಿ. ಕ್ಲಾಸಿಗೆ ಚಕ್ಕರ್.

ಟಿ. ನಗರದ ನಮ್ಮ ಸಮಾಜದ ಸಭಾ. ಏಕಾದಶಿ ಉಪವಾಸ ಮಾಡಿದವರೆಲ್ಲ ಬೆಳಿಗ್ಗೆ ಆರೂವರೆಗೆ ಪಾರಣೆಗೆ ಬಂದು ಕೂರುತ್ತಾರೆ. ಉಪವಾಸವಿದ್ದವರಿಗೆ ಉಪವಾಸವಿದ್ದವರೇ ಬೇಯಿಸಬೇಕು, ಮಡಿಯಲ್ಲಿ. ಹೊರಗಿನವರು ಅಡುಗೆಮನೆಯ ಹೊಸಿಲು ದಾಟುವಂತಿಲ್ಲ. ಹಾಗಾಗಿ ಒಳಗೆ ಇಬ್ಬರೇ, ನಾನು ಮತ್ತು ಶ್ರೀಕಾಂತ. ಮೂವತ್ತೊಂದು ವರ್ಷ. ಬಲಬದಿ ನಾನು, ಎಡಬದಿ ಅವನು. ನಾನು "ಹರೀ" ಎಂದರೆ ಇಬ್ಬರೂ ಎತ್ತುವುದು. ಒಲೆಯಿಂದ ಬಡಿಸುವ ಕಟ್ಟೆಗೆ ಹನ್ನೆರಡು ಹೆಜ್ಜೆ.

ಇವತ್ತು ಒಂಬತ್ತನೇ ಹೆಜ್ಜೆಯಲ್ಲಿ ಕಿರುಬೆರಳೂ ಅದರ ಪಕ್ಕದ್ದೂ ತಾವಾಗಿ ಬಿಚ್ಚಿಕೊಂಡವು. ನಾನು ಬಿಚ್ಚಲಿಲ್ಲ. ಉಳಿದ ಎರಡರಲ್ಲಿ ಹೇಗೋ ದಾಟಿಸಿದೆ. ಶ್ರೀಕಾಂತ ನೋಡಲಿಲ್ಲ.

ಮೇ 28, ಬುಧವಾರ

ಕುರ್ಚಿ ಹದಿಮೂರು! ಪಿಂಚಣಿದಾರ ಹನ್ನೆರಡು. ಅಬ್ಬ.

ಬಲಗೈ 26. ಎಳೆಯುವ ರಬ್ಬರ್ ಬ್ಯಾಂಡ್ ಹಳದಿಯಿಂದ ಇನ್ನೂ ಬಿಗಿಯಾದ ಕೆಂಪಿಗೆ ಬಡ್ತಿ. ಎಂಟು ಸಲ ಸುಲಭವಾದರೆ ತೂಕ ಏರಿಸು, ಮಧ್ಯೆ ಒಂದು ದಿನ ಬಿಡು. ಇದು ಅವಳ ವೇದ. "ಮಸಲ್ ಬೆಳೆಯೋದು ಎಕ್ಸರ್ಸೈಜ್ ಮಾಡುವಾಗ ಅಲ್ಲ ಮಾವ, ರೆಸ್ಟ್ ತಗೊಳ್ಳುವಾಗ." ಆಹಾ! ಮಲಗಿ ಬಲ ಬರುವುದಾದರೆ ನಮ್ಮ ದೊಡ್ಡಪ್ಪ ಭೀಮಸೇನ ಆಗಬೇಕಿತ್ತು. ರುಬ್ಬುಕಲ್ಲಿನ ಮುಂದೆ ಹತ್ತು ವರ್ಷ ಕೂತವನು ನಾನು. ಯಾರು ರೆಸ್ಟ್ ಕೊಟ್ಟರು?

ಒಂದು ಉಪಾಯ ಹೊಳೆದಿದೆ. ಬೆಳಿಗ್ಗೆ ಜಪಕ್ಕೆ ಹೇಗೂ ಕೂರುತ್ತೇನೆ. ಬಲಗೈಯಲ್ಲಿ ಮಡಿಬಟ್ಟೆಯ ಸುರುಳಿ. ಒಂದು ನಾಮಕ್ಕೆ ಒಂದು ಹಿಂಡು. ನೂರೆಂಟು. ದೇವರಿಗೂ ಆಯಿತು, ಕೈಗೂ ಆಯಿತು. ಹರ್ಷಿಣಿಗೆ ಹೇಳುವುದಿಲ್ಲ.

ಜೂನ್ 8, ಭಾನುವಾರ

ದ್ವಾದಶಿ. ಕೊಪ್ಪರಿಗೆ ನನ್ನ ಬದಿಗೆ ವಾಲಿತು. ತೊವ್ವೆ ತುಳುಕಿ ಇಬ್ಬರ ಪಾದಕ್ಕೂ ಬಿತ್ತು. ಅವನಿಗೆ ಒಂದು ಸುಟ್ಟ ಬೊಬ್ಬೆ. ನನಗೂ ಒಂದು.

"ಎಂತ ಭಾವ, ನಿದ್ದೆಯಾ?" ಎಂದು ನಕ್ಕ. ಆಮೇಲೆ ಬಾಳೆಲೆ ಒರೆಸುತ್ತಾ ಮೆಲ್ಲಗೆ ಮಾತು ತೆಗೆದ: "ಪ್ರಥಮೈಕಾದಶಿಯ ಪಾರಣೆಗೆ ಮುನ್ನೂರು ಜನ ಅಲ್ವಾ. ಎರಡು ಸಣ್ಣ ಪಾತ್ರೆಯಲ್ಲಿ ಮಾಡುವ ಮಾರಾಯ್ರೆ. ನಮಗೂ ವಯಸ್ಸಾಯ್ತು."

"ನಿನಗೆ ಆಗಿರಬಹುದು. ಒಂದೇ ಕೊಪ್ಪರಿಗೆಯ ತೊವ್ವೆಯ ರುಚಿ ಎರಡು ಪಾತ್ರೆಯಲ್ಲಿ ಬರ್ತದಾ? ಇದೇನು ಹೋಟೆಲ್ ಸಾಂಬಾರಾ?"

ಮತ್ತೆ ಎಲೆ ಒರೆಸತೊಡಗಿದ. ಅವನು ನನ್ನ ಮಾತಿಗೆ ಎದುರಾಡಿದವನಲ್ಲ. ಎದುರಾಡಬೇಕಿತ್ತು. ನನ್ನ ಬಾಯಿ ನನಗೇ ಶತ್ರು.

ಜೂನ್ 20, ಶುಕ್ರವಾರ

23.

ಮೂರು ಸಲ ಹಿಂಡಿಸಿದಳು. 23, 22, 22. ಕುರ್ಚಿ ಮಾತ್ರ ಹದಿನಾಲ್ಕು. ಕಾಲು ಏರುತ್ತದೆ, ಕೈ ಇಳಿಯುತ್ತದೆ, ಯಾವ ಕರ್ಮ.

"ಮನೆಯಲ್ಲಿ ಏನು ಮಾಡ್ತಿದೀರ ಮಾವ? ಸತ್ಯ ಹೇಳಿ. ಇದು ಓವರ್‌ಟ್ರೈನಿಂಗ್ ಥರ ಇದೆ."

"ಏನಿಲ್ಲಪ್ಪ."

ಹೊರಗೆ ಕರೆದುಕೊಂಡು ಹೋದಳು. ಕಣ್ಣಲ್ಲಿ ನೀರಿತ್ತು, ಸಿಟ್ಟಿನ ನೀರು. "ನೀರೂ ಕುಡೀದೆ ಒಂದು ದಿನ ಪೂರ್ತಿ ಉಪವಾಸ. ಬೆಳಿಗ್ಗೆ ಎದ್ದು ಕುದಿಯೋ ಕೊಪ್ಪರಿಗೆ. ಈ ಕೈಯಲ್ಲಿ! ಇನ್ನೊಂದು ಬದಿಯಲ್ಲಿ ನಿಂತಿರೋದು ನನ್ನ ಅಪ್ಪ, ಮಾವ. ಜುಲೈ ಏಳರ ಪಾರಣೆಗೆ ನೀವು ಎತ್ತಬಾರದು. ನಾನೇ ಹೇಳ್ತೀನಿ ಅಪ್ಪನಿಗೆ."

"ನೀನು ಬೇಡ. ನಾನೇ ಹೇಳ್ತೇನೆ. ದೇವರಾಣೆ."

ಆಣೆ ಹಾಕಿದ್ದೇನೆ. ಹೇಳಬೇಕು.

ಜೂನ್ 29, ಭಾನುವಾರ

ಕ್ರೋಂಪೇಟೆಗೆ ಹೋದೆ, ಶ್ರೀಕಾಂತನ ಮನೆಗೆ, ಹೇಳಲಿಕ್ಕೇ. ಟ್ರೇನಿನಲ್ಲಿ ಮಾತು ಜೋಡಿಸಿಕೊಂಡೇ ಹೋದೆ. ಹರ್ಷಿಣಿ ಡ್ಯೂಟಿಯಲ್ಲಿದ್ದಳು. ಅವನು ಹಲಸಿನ ಹಣ್ಣಿನ ಪಾಯಸ ಮಾಡಿದ್ದ. ಎರಡು ಲೋಟ ಬಡಿಸಿದ. ಸಭಾದ ಪಟ್ಟಿ ತೆಗೆದು ತೋರಿಸಿದ, ಮುನ್ನೂರ ಇಪ್ಪತ್ತು ಜನ.

ಬಾಯಿ ತೆರೆದೆ. ಅಷ್ಟರಲ್ಲಿ ಅವನೇ ಅಂದ: "ಈ ಸಲ ನನಗೆ ಸ್ವಲ್ಪ ಹೆದರಿಕೆ ಉಂಟು ಭಾವ. ನನ್ನ ಮೊಣಕಾಲು ಹೇಳಿದ ಹಾಗೆ ಕೇಳುವುದಿಲ್ಲ. ನೀವು ಬಲಬದಿ ಇದ್ದೀರಲ್ಲ, ಅದೊಂದೇ ಧೈರ್ಯ. ಕ್ಲಾಸಿಗೆ ಹೋಗಿ ನೀವು ಕಲ್ಲಿನ ಹಾಗೆ ಆಗಿದ್ದೀರಿ."

ಆ ಮಾತು ಕೇಳಿ ಎಷ್ಟು ಹಿತವಾಯಿತು ಎಂದರೆ... ಥೂ.

ಹೇಳದೆ ಲೋಟ ಕೆಳಗಿಟ್ಟು ಎದ್ದು ಬಂದೆ. ವಾಪಸ್ ಬರುವಾಗ ಟ್ರೇನಿನಲ್ಲಿ ಹರ್ಷಿಣಿಯ ಫೋನು.

"ಹೇಳಿದ್ರಾ ಮಾವ?"

"ಹೇಳಿದೆ."

"ಅಪ್ಪ ಏನಂದ್ರು?"

"ಎರಡು ಪಾತ್ರೆಯಲ್ಲಿ ಮಾಡುವ ಅಂದ."

"ಅಪ್ಪಾಡಾ! ಥ್ಯಾಂಕ್ಸ್ ಮಾವ." ಅವಳ ದನಿ ಒಮ್ಮೆಲೇ ಹಗುರವಾಯಿತು. ಇಳಿಯಬೇಕಾದ ಸ್ಟೇಷನ್ ದಾಟಿಹೋಗಿದ್ದು ಆಮೇಲೆ ಗೊತ್ತಾಯಿತು.

ಜುಲೈ 6, ಭಾನುವಾರ. ಸಂಜೆ 5

ಪ್ರಥಮೈಕಾದಶಿ. ನೀರಿಲ್ಲ. ನಾಲಿಗೆ ಅಂಟುತ್ತಿದೆ.

ಎರಡು ಪಾತ್ರೆ ಎಂದು ಈಗಲೂ ಹೇಳಬಹುದು. ಒಂದು ಫೋನು ಸಾಕು. ಬೆಳಿಗ್ಗೆಯಿಂದ ನಾಲ್ಕು ಸಲ ಫೋನು ಕೈಗೆ ತೆಗೆದುಕೊಂಡೆ. "ಕೈಲಾಗುವುದಿಲ್ಲ" ಎಂಬ ಒಂದು ಮಾತು ಬಾಯಿಗೆ ಬರುವುದಿಲ್ಲ. ನನ್ನಪ್ಪ ಎಪ್ಪತ್ತೈದರವರೆಗೆ ಕೊಪ್ಪರಿಗೆ ಎತ್ತಿದ.

ಅದರ ಬದಲು ಜಪಕ್ಕೆ ಕೂತೆ. ಈವತ್ತು ಏಕಾದಶಿ, ನೂರೆಂಟು ಸಾಲದು, ಸಾವಿರದೆಂಟು. ಒಂದೊಂದು ನಾಮಕ್ಕೂ ಪೂರ್ತಿ ಬಲ ಹಾಕಿ ಹಿಂಡಿದೆ. ರತ್ನ ಬಾಗಿಲಲ್ಲಿ ನಿಂತು ನೋಡಿದಳು.

"ಎಂತ ಅದು, ಜಪವಾ? ಆ ಬಟ್ಟೆ ನಿಮಗೆ ಎಂತ ಮಾಡಿತು?"

"ನಾಳೆಗೆ ಬೇಕಲ್ಲ ಕೈ."

"ನಾಳೆಗೆ ಬೇಕಾದ್ದನ್ನು ಇವತ್ತೇ ಖರ್ಚು ಮಾಡ್ತೀರಲ್ಲ."

ಹೆಂಗಸರಿಗೆ ಇದೆಲ್ಲ ತಿಳಿಯುವುದಿಲ್ಲ ಎಂದೆ. ಮುಗಿಯುವಾಗ ಬೆರಳು ಮರಗಟ್ಟಿತ್ತು. ಪೆನ್ನು ಜಾರುತ್ತಿದೆ, ಅಕ್ಷರ ನನ್ನದೇ ಅನ್ನಿಸುತ್ತಿಲ್ಲ. ಮಲಗಿ ಎದ್ದರೆ ಸರಿಯಾದೀತು. ದೇವರ ನಾಮ ಹೇಳಿ ಹಿಂಡಿದ್ದು, ವ್ಯರ್ಥ ಹೋಗಲಿಕ್ಕಿಲ್ಲ.

ಜುಲೈ 19, ಶನಿವಾರ

ಬರೆಯಬೇಕು. ಬೇರೆ ಯಾರಿಗೂ ಹೇಳಲು ಆಗುತ್ತಿಲ್ಲ.

ಆ ದ್ವಾದಶಿಯ ಬೆಳಿಗ್ಗೆ "ಹರೀ" ಎಂದೆ. ಎತ್ತಿದೆವು. ಏಳನೇ ಹೆಜ್ಜೆ, ಎಂಟು. ಒಂಬತ್ತನೆಯದಕ್ಕೆ ಕೈ ತೆರೆದುಕೊಂಡಿತು. ಜಾರಲಿಲ್ಲ. ನೋಯಲೂ ಇಲ್ಲ. ಸುಮ್ಮನೆ ತೆರೆದುಕೊಂಡಿತು, ಅಷ್ಟೇ.

ನನ್ನ ಬದಿ ನೆಲಕ್ಕೆ ಬಡಿಯಿತು. ಶ್ರೀಕಾಂತ ತನ್ನ ಬದಿ ಬಿಡಲಿಲ್ಲ. ಬಿಟ್ಟಿದ್ದರೆ ಉಳಿಯುತ್ತಿದ್ದ. ಕೊಪ್ಪರಿಗೆ ಅವನನ್ನು ಎಳೆದುಕೊಂಡೇ ಬಿತ್ತು, ಅವನು ಮುಂದಕ್ಕೆ ಅದರ ಮೇಲೆಯೇ ಹೋದ. ನಾನು ಹಿಂದಕ್ಕೆ ಹಾರಿದೆ. ಹರ್ಷಿಣಿ ಗಟ್ಟಿ ಮಾಡಿಕೊಟ್ಟ ಕಾಲು, ಚೆನ್ನಾಗಿ ಹಾರಿತು. ನನಗೆ ಒಂದು ಹನಿಯೂ ತಾಗಲಿಲ್ಲ.

ತೊವ್ವೆ ನೀರಿನ ಹಾಗೆ ಹರಿದುಹೋಗುವುದಿಲ್ಲ. ಅಂಟಿಕೊಳ್ಳುತ್ತದೆ. ಎದೆ, ಎರಡೂ ತೋಳು. ಅವನ ಕೂಗು ಕೇಳಿ ಹೊಸಿಲ ಹೊರಗೆ ಜನ ಬಂದು ನಿಂತರು. ಮಡಿ ಎಂದು ಒಂದು ಕ್ಷಣ ನಿಂತೇಬಿಟ್ಟರು. ನಾನೇ ಕಿರುಚಿದೆ, ಬನ್ನಿ ಎಂದು.

ಆಸ್ಪತ್ರೆಯಲ್ಲಿ ಇವತ್ತು ಮೊದಲ ಸಲ ಒಳಗೆ ಬಿಟ್ಟರು. ಹತ್ತು ನಿಮಿಷ, ಮಾಸ್ಕ್ ಹಾಕಿಕೊಂಡು. ಬ್ಯಾಂಡೇಜಿನ ಮಧ್ಯೆ ಮುಖ ಇಷ್ಟೇ. ನನ್ನನ್ನು ಕಂಡು ಅವನ ಕಣ್ಣು ತುಂಬಿತು.

"ಕ್ಷಮಿಸಿ ಭಾವ. ನನ್ನ ಕಾಲು ಜಾರಿತು. ಮೊಣಕಾಲು ಸರಿಯಿಲ್ಲ ಅಂತ ಗೊತ್ತಿದ್ದೂ ಎತ್ತಲಿಕ್ಕೆ ಬಂದೆ. ನಿಮ್ಮ ಮೇಲೆ ಬಿದ್ದಿದ್ದರೆ ಅಕ್ಕನಿಗೆ ಮುಖ ತೋರಿಸ್ಲಿಕ್ಕೆ ಉಂಟಾ?"

ಡಾಕ್ಟರಿಗೂ ಸಭಾದವರಿಗೂ ಇದನ್ನೇ ಹೇಳಿದ್ದಾನಂತೆ. ನನ್ನನ್ನು ಉಳಿಸಲು ಹೇಳುತ್ತಿರುವುದಲ್ಲ. ಹಾಗೆಂದೇ ನಂಬಿದ್ದಾನೆ.

ನಾನು ಏನೆಂದೆ? "ಇರಲಿ ಬಿಡು" ಎಂದೆ. ಅವನನ್ನು ಕ್ಷಮಿಸಿಬಿಟ್ಟೆ! ನನ್ನಂಥ ಪಾಪಿ ಇನ್ನೊಬ್ಬನಿಲ್ಲ.

ಹರ್ಷಿಣಿ ಮಂಚದ ಆ ಬದಿಯಲ್ಲಿ ನಿಂತಿದ್ದಳು. ನನ್ನ ಮುಖ ನೋಡಲಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದಳು.

ಜುಲೈ 21, ಸೋಮವಾರ. ಮಧ್ಯಾಹ್ನ 4

ಬೆಳಿಗ್ಗೆ ಹರ್ಷಿಣಿಯ ಮೆಸೇಜು: "ಎರಡು ಪಾತ್ರೆ ಅಂತ ಮಾತಾಗಿತ್ತಲ್ಲ ಮಾವ. ಒಂದೇ ಯಾಕೆ ಇತ್ತು?" ಉತ್ತರ ಕೊಟ್ಟಿಲ್ಲ.

ಈಗ ಅವಳೇ ಬಂದಿದ್ದಾಳೆ. ಹೊರಗಿನ ಹಾಲ್‌ನಲ್ಲಿ ರತ್ನಳ ಜೊತೆ ಕೂತಿದ್ದಾಳೆ. ಕಾಫಿ ಬೇಡ ಎಂದಳು. ಮಾತು ಈ ಕೋಣೆಗೆ ಕೇಳುತ್ತದೆ.

"ಅತ್ತೆ, ಅಪ್ಪನನ್ನು ಇವತ್ತು ಕೇಳಿದೆ. ಮಾವನ ಕೈ ವಿಷಯ ನಿಮಗೆ ಹೇಳಿದ್ರಲ್ಲ ಅಂತ. ಅಪ್ಪನಿಗೆ ಒಂದೂ ಗೊತ್ತಿಲ್ಲ."

"ಯಾವ ಕೈ ವಿಷಯ ಮಗಾ?"

ಅವಳು ಹೇಳುತ್ತಿದ್ದಾಳೆ. ಮೆಲ್ಲಗೆ, ಒಂದೊಂದಾಗಿ. ರತ್ನಳ ತಮ್ಮ. ಎತ್ತಿ ಆಡಿಸಿ ಬೆಳೆಸಿದ ತಮ್ಮ.

ಕುರ್ಚಿ ಸರಿದ ಸದ್ದು. ಹೇಳಿಬಿಡುತ್ತೇನೆ. ಎಲ್ಲವನ್ನೂ, ಆಣೆಯಿಂದ ಹಿಡಿದು. ಆಮೇಲೆ ರತ್ನ ಈ ಮನೆಯಲ್ಲಿ ಇರುತ್ತಾಳೋ ಇಲ್ಲವೋ... ಇಲ್ಲ, ಹೇಳಲೇಬೇಕು.

ಆದರೆ ಅವನೇ ಅಂದಿದ್ದಾನೆ, ತನ್ನ ಕಾಲು ಜಾರಿತು ಎಂದು. ಡಾಕ್ಟರು ಬರೆದೂ ಆಗಿದೆ. ಹರ್ಷಿಣಿ ಒಳಗಿರಲಿಲ್ಲ, ಯಾರೂ ಇರಲಿಲ್ಲ. ನೋಡಿದ್ದು ನಾನೊಬ್ಬನೇ...

ಬಾಗಿಲ ಹೊರಗೆ ರತ್ನ ಬಂದು ನಿಂತಿದ್ದಾಳೆ. ನಾನು...