ಒಗೆಯುವ ಕಲ್ಲುಗಳ ಪಾರ್ಕು

ಫೆಬ್ರವರಿ 3, ಬೆಳಿಗ್ಗೆ

ಮಗಳು ಈಗಷ್ಟೇ ನಿದ್ದೆಹೋದಳು. ನನಗೆ ನಿದ್ದೆಯಿಲ್ಲ. ಉಸಿರಾಡುತ್ತಿದ್ದಾಳಾ ಎಂದು ಮೂಗಿನ ಬಳಿ ಬೆರಳಿಟ್ಟು ನೋಡುವುದೇ ಕೆಲಸ.

ನದಿ ದಂಡೆಯ ಪಾರ್ಕಿನ ಡಿಸೈನ್ ಮುಗಿಸಬೇಕು. ಅಲ್ಲಿನ ಒಗೆಯುವ ಕಲ್ಲುಗಳನ್ನೇ ಬೆಂಚು ಮಾಡುವುದು ನನ್ನ ಐಡಿಯಾ. ಬಟ್ಟೆ ಬಡಿದು ಬಡಿದು ಒಂದೊಂದೂ ಒಂದೊಂದು ಥರ ಸವೆದಿದೆ. ಊರಿನ ಚರಿತ್ರೆ ಎಂದರೆ ಅದೇ. ಪ್ರತಿಮೆ ಯಾಕೆ?

ಮಂಡಿ ಕೈಕೊಡುವ ತನಕ ಅತ್ತೆ ಒಗೆದದ್ದೂ ಅಲ್ಲೇ. ಕಲ್ಲು ಕೊಡೆವು ಎಂದು ಪಟ್ಟು ಹಿಡಿದ ಹೆಂಗಸರನ್ನು ಒಪ್ಪಿಸಿದವರೂ ಅವರೇ. "ನಮ್ ಸೊಸೆ ಇದಾಳೆ. ಒಂದು ಗೀರೂ ಬೀಳಲ್ಲ." ಅಂದುಬಿಟ್ಟರು.

ಫೆಬ್ರವರಿ 19

ಮಗಳಿಗೆ ಜ್ವರ. ತೊಡೆಯ ಮೇಲೆ ಮಲಗಿಸಿಕೊಂಡೇ 3D ಚಿತ್ರ ಮುಗಿಸಿದೆ. ಕಲ್ಲುಗಳಿಗೆ ಸಾಫ್ಟ್‌ವೇರಿನ ರೆಡಿಮೇಡ್ ಹೊಳೆಯುವ ಗ್ರಾನೈಟ್ ಮೇಲ್ಮೈ ಹಾಕಿಬಿಟ್ಟೆ. ಮೀಟಿಂಗಿನಲ್ಲಿ ತೋರಿಸಲು ತಾನೇ... ಡ್ರಾಯಿಂಗಿನಲ್ಲಿ ಸರಿಯಾಗಿ ಬರೆದಿದ್ದೇನೆ— ಕಲ್ಲು ಇದ್ದ ಹಾಗೇ ಇರಬೇಕು.

ಮಾರ್ಚ್ 11

ಸೈಟಿಗೆ ಹೋದರೆ ಕಲ್ಲುಗಳು ಕನ್ನಡಿ! ಸವೆದ ತಗ್ಗೆಲ್ಲ ಉಜ್ಜಿ ಮಟ್ಟ. ನನ್ನ ಮುಖ ಕಂಡಿತು, ಕಣ್ಣಡಿಯ ಕಪ್ಪು ಸಮೇತ.

ಕಂಟ್ರಾಕ್ಟರ್ ಫೋನಿನಲ್ಲಿ ಚಿತ್ರ ತೆಗೆದು ತೋರಿಸಿದ. "ನೀವೇ ಕೊಟ್ಟ 3D ಮೇಡಂ. ಫಳಫಳ ಇದೆಯಲ್ಲ? ಪಾಸಾಗಿದ್ದೂ ಇದೇ."

"ಡ್ರಾಯಿಂಗ್ ಓದಲ್ವೇನ್ರೀ?"

"ಅಷ್ಟು ಸಣ್ಣಕ್ಷರ ಯಾರು ಓದ್ತಾರೆ?"

ಬಾಸ್‌ಗೆ ಆ ಹೊಳಪು ಕಂಡು ಖುಷಿಯೋ ಖುಷಿ. ನೀರಿನ ಪಕ್ಕ, ಮಕ್ಕಳು ಜಾರಿ ಬೀಳ್ತಾರೆ ಸಾರ್ ಅಂದೆ.

"ರಬ್ಬರ್ ಮ್ಯಾಟ್ ಹಾಕೋಣ. ತಾಯಿ ಆದ್ಮೇಲೆ ನೀವು ಎಲ್ಲದಕ್ಕೂ ಹೆದರ್ತೀರಪ್ಪ."

ಹೆದರುತ್ತೇನೆ. ಏನೀಗ? ಅವನ ತಲೆಗೇ ಒಂದು ಮ್ಯಾಟ್ ಸುತ್ತಬೇಕು.

ಮಾರ್ಚ್ 12

ಅತ್ತೆಗೆ ಎಲ್ಲ ಹೇಳಿದೆ. ನನ್ನ ಚಿತ್ರ ನೋಡಿಯೇ ಮಾಡಿದ್ದು ಎಂದೂ. ಬೈದಿದ್ದರೆ ಹಗುರಾಗುತ್ತಿತ್ತು. ಮಗುವಿನ ಬಟ್ಟೆ ಮಡಚುತ್ತಲೇ ಇದ್ದರು.

"ಆ ಹೆಂಗಸರಿಗೆ ನಾನು ಹೆಂಗೆ ಮುಖ ತೋರಿಸಲಿ? ...ಎಲ್ಲಾ ಮುಗಿಸಿದ್ರಾ?"

"ಒಂದು ಉಳಿದಿದೆ ಅತ್ತೆ. ನಾಳೆ ಉಜ್ತಾರಂತೆ."

"ನಾಳೆ ಎಷ್ಟೊತ್ತಿಗೆ?"

ಮಾರ್ಚ್ 13, ಬೆಳಿಗ್ಗೆ ಒಂಬತ್ತು

ಉಳಿದ ಆ ಕಲ್ಲಿನ ಮೇಲೆ ಕೂತೇ ಬರೆಯುತ್ತಿದ್ದೇನೆ. ಪಕ್ಕದಲ್ಲಿ ಅತ್ತೆ. ಮಡಿಲಲ್ಲಿ ಮಗಳು. ಎದುರಿಗೆ ಪಾಲಿಶ್ ಮೆಷಿನ್.

ಮೆಷಿನ್ನಿನವನು ಗೋಗರೆದ. "ಏಳಿ ಅಮ್ಮ, ನಂಗೆ ಬೈತಾರೆ."

"ಮುದುಕಿ ಏಳಲ್ಲ ಅಂತಾಳೆ ಅನ್ನು. ಹೋಗು, ಟೀ ಕುಡಿ," ಅಂದರು ಅತ್ತೆ. ಹೋದ, ಪುಣ್ಯಾತ್ಮ.

ಆಮೇಲೆ ಬಾಸ್. "ಏನ್ರೀ ಡ್ರಾಮಾ ಇದು? ಎಳೇ ಮಗೂನ ಬಿಸಿಲಲ್ಲಿ..."

ಜ್ವರ ಬಂದಾಗ ಒಂದು ದಿನ ರಜೆ ಕೊಡದವನಿಗೆ ಈಗ ನನ್ನ ಮಗುವಿನ ಚಿಂತೆ!

"ಏಳ್ತೀರೋ, ಕೆಲಸ ಬಿಡ್ತೀರೋ?"

ಏಳಲ್ಲ ಅಂದೆ. ತಾನೇ ಹೋಗಿ ಪ್ಲಗ್ ಹಾಕಿದ. ಆ ಸದ್ದಿಗೆ ಮಗಳು ಚೀರಿದಳು. ಅತ್ತೆ ಮಂಡಿ ಹಿಡಿದುಕೊಂಡು ಎದ್ದರು. ವೈರ್ ಕಿತ್ತು ನನ್ನತ್ತ ಎಸೆದರು. "ಹಿಡ್ಕೋ. ಮಗೂನ ಇಲ್ಲಿ ಕೊಡು."

ಒಂದು ಕೈಯಲ್ಲಿ ವೈರ್, ಒಂದರಲ್ಲಿ ಪೆನ್ನು. ಬಾಸ್ ಕೈ ಚಾಚಿಕೊಂಡು ಬರುತ್ತಿದ್ದಾನೆ. ಕೊಡುವುದಿಲ್ಲ. ಬೇಕಾದರೆ ನನ್ನನ್ನು ಕೆಲಸದಿಂದ ತೆಗೆಯಲಿ, ಈ ವೈರ್ ಮಾತ್ರ—