ಕಾವಿಲ್ಲದ ದೀಪಗಳು

ಫೆಬ್ರವರಿ 3, ಬೆಳಿಗ್ಗೆ
ಬೂದು ಕೋಟು. ಎಡ ಮೊಣಕೈ ಹತ್ತಿರ ಸಿಗರೇಟಿನ ತೂತು. ಮೊದಲಾಗಿದ್ದರೆ ಎಳೆಗೆ ಎಳೆ ನೇಯ್ದು ಮುಚ್ಚಲು ಒಂದು ಗಂಟೆಯ ರಫೂ ಕೆಲಸ, ಎಲ್ಲಿ ಸುಟ್ಟಿತ್ತು ಅಂತ ಬಟ್ಟೆ ಕಳಿಸುವ ಡ್ರೈಕ್ಲೀನರ್ ಅಂಗಡಿಯವರಿಗೂ ಗೊತ್ತಾಗುತ್ತಿರಲಿಲ್ಲ. ಈವತ್ತು ಸೂಜಿಗೆ ದಾರ ಪೋಣಿಸುವಷ್ಟರಲ್ಲೇ ಟೀ ಆರಿಹೋಯಿತು. ಕೊನೆಗೆ ಅತ್ತೆ ಪೋಣಿಸಿಕೊಟ್ಟರು. ಎಂಬತ್ತರ ಹತ್ತಿರ ಬಂದ ಅತ್ತೆ ಸೊಸೆಗೆ ದಾರ ಪೋಣಿಸಿಕೊಡುವುದು... ನಗು ಬಂತು. ಆಮೇಲೆ ಬರಲಿಲ್ಲ.

ಸಂಜೆ
ಇವರು ಬಸ್ ಡಿಪೋದಿಂದ ಬರುವಾಗ ರಟ್ಟಿನ ಪೆಟ್ಟಿಗೆ ಹೊತ್ತು ತಂದರು. ತುಂಬ ಎಲ್‌ಇಡಿ. ಮನೆಯ ಸೀಲಿಂಗಿನಲ್ಲಿ ಹುದುಗಿರುವ ಹಳೇ ಹ್ಯಾಲೊಜನ್‌ಗಳನ್ನೆಲ್ಲ ಕಿತ್ತು ಇವನ್ನು ಕೂರಿಸುವುದಂತೆ.

"ಡಾಕ್ಟರು ಏನಂದಿದ್ರು? ಒಳ್ಳೆ ಬೆಳಕಲ್ಲಿ ಕೆಲಸ ಮಾಡಿ ಅಂದಿದ್ರಲ್ವಾ? ಈ ಹಳದಿ ದೀಪಗಳಿಂದಾನೇ ನಿನ್ನ ಕಣ್ಣು ಹೀಗಾಗಿರೋದು."

ಡಾಕ್ಟರಮ್ಮ ಎಂದೋ ಬಾಯಿಮಾತಿಗೆ ಅಂದದ್ದು ಅದು. ಇವರು ಔಷಧವೆಂದೇ ಹಿಡಿದುಕೊಂಡಿದ್ದಾರೆ. ಕಳೆದ ವಾರ ಇವರಿಗೆ ಡ್ಯೂಟಿ ಇತ್ತು, ನಾನೊಬ್ಬಳೇ ಹೋಗಿದ್ದೆ. ಆಗ ಅಂದದ್ದು ಬೇರೆ. ಬಲಗಣ್ಣು ಮುಗಿಯಿತು. ಎಡಗಣ್ಣಿನ ನರವೂ ಸಾಯುತ್ತಿದೆ, ಹನಿ ಹಾಕಿದರೂ ನಿಲ್ಲುವುದಿಲ್ಲ. ಮನೆಗೆ ಬಂದು "ಹಾಗೇ ಇದೆ ಅಂದ್ರು" ಅಂದೆ. ಇವರ ಮುಖ ಅರಳಿತು. ಹತ್ತಿರ ನಿಂತಿದ್ದರು, ಕಂಡಿತು.

ಫೆಬ್ರವರಿ 8
ಹಾಲ್‌ನಿಂದ ಶುರು. ನಾಲ್ಕು ದೀಪ. ಏಣಿಯ ಮೇಲೆ ಇವರು, ಕೆಳಗೆ ಅತ್ತೆಯ ಉಪದೇಶ. ಸ್ಪ್ರಿಂಗ್ ಕ್ಲಿಪ್ ಬೆರಳಿಗೆ ಕಚ್ಚಿತು. ಸೀಲಿಂಗಿನ ತೂತಿನಿಂದ ವರ್ಷಗಳ ಧೂಳು ಅತ್ತೆಯ ಲೋಟಕ್ಕೆ ಉದುರಿತು.

"ಬಸ್ಸು ಓಡಿಸೋನು ಬಸ್ಸು ಓಡಿಸ್ಬೇಕು ಕಣೋ."

ಮೂರು ಹಾಕುವ ತನಕ ಎಲ್ಲ ಸರಿಯಿತ್ತು. ಕೊನೆಯ ಹ್ಯಾಲೊಜನ್ ತೆಗೆದು ಎಲ್‌ಇಡಿ ಸಿಕ್ಕಿಸಿ ಸ್ವಿಚ್ ಹಾಕಿಸಿದರು.

"ಹೇಗಿದೆ?"

"ಚೆನ್ನಾಗಿದೆ ರೀ. ಎಷ್ಟು ಬೆಳ್ಳಗಿದೆ."

"ಏನು ಚೆನ್ನಾಗಿದೆ?" ಅತ್ತೆ. "ನಾಲ್ಕೂ ಪಟಪಟ ಅಂತ ಹತ್ತಿ ಆರ್ತಿವೆ. ನಂಗೆ ತಲೆ ಸುತ್ತುತ್ತೆ, ಮೊದಲು ಆರಿಸೋ."

ನನಗೆ ಗೊತ್ತೇ ಆಗಿರಲಿಲ್ಲ. ಇವರು ಏಣಿ ಇಳಿದು ನನ್ನ ಹತ್ತಿರ ಬಂದರು. "ನಾನು ಕೆಳಗೆ ನೋಡ್ತಿದ್ದೆ" ಅಂದೆ.

ಫೆಬ್ರವರಿ 10
ವೈರ್‌ಮನ್ ಬಂದಿದ್ದ. ಸೀಲಿಂಗಿನೊಳಗೆ ಕೈ ತೂರಿಸಿ ಹಳೇ ಟ್ರಾನ್ಸ್‌ಫಾರ್ಮರ್ ಎಳೆದು ತೋರಿಸಿದ. "ಒಂದಾದ್ರೂ ಹ್ಯಾಲೊಜನ್ ಇರೋ ತನಕ ಇದಕ್ಕೆ ಲೋಡ್ ಸಾಕಾಗ್ತಿತ್ತು ಸಾರ್. ಕೊನೇದನ್ನೂ ಕಿತ್ರಿ, ಇದು ತಕರಾರು ತೆಗೀತು." ಅದನ್ನು ಬಿಸಾಕಿ ಎಲ್‌ಇಡಿಗೆಂದೇ ಇರುವ 'ಡ್ರೈವರ್' ಅನ್ನುವ ಡಬ್ಬಿ ಹಾಕಿ ಹೋದ. ಇವರು ಪಕ್ಕದಲ್ಲೇ ನಿಂತು ಕಲಿತರು. "ಉಳಿದ ರೂಮುಗಳಿಗೆ ನಾನೇ ಸಾಕು."

ಡ್ಯೂಟಿ ಮುಗಿಸಿ ಬಂದು ಊಟಕ್ಕೂ ಕೂರದೆ ಏಣಿ ಹತ್ತುವ ಮನುಷ್ಯನಿಗೆ ಬೇಡ ಅಂತ ಯಾವ ಬಾಯಿಂದ ಅನ್ನಲಿ.

ಮಾರ್ಚ್ 1
ಹಾಲ್‌ನಲ್ಲಿ ಕತ್ತಲಲ್ಲಿ ಕೂತಿದ್ದೇನೆ ಅಂದುಕೊಂಡಿದ್ದೆ. ಅತ್ತೆ ಬಂದು "ಇಷ್ಟೊಂದು ದೀಪ ಯಾಕಮ್ಮ ಉರೀತಿವೆ, ಒಬ್ಬಳೇ ಇದೀಯ" ಅಂದರು.

ಎದ್ದು ನನ್ನ ಕೆಲಸದ ಕೋಣೆಗೆ ಹೋದೆ. ಅಲ್ಲಿ ಇನ್ನೂ ಹ್ಯಾಲೊಜನ್. ಸ್ವಿಚ್ ಹಾಕಿ ಮೇಜಿನ ಮುಂದೆ ನಿಂತೆ. ಸ್ವಲ್ಪ ಹೊತ್ತಿಗೆ ಬೈತಲೆಯ ಮೇಲೆ, ಹಣೆಯ ಮೇಲೆ ಬಿಸಿ ಇಳಿಯಿತು. ಆಗ ತಿಳಿಯಿತು. ಎಷ್ಟೋ ದಿನದಿಂದ ನಾನು ದೀಪ ನೋಡುತ್ತಿರಲಿಲ್ಲ. ಕಾಯಿಸಿಕೊಳ್ಳುತ್ತಿದ್ದೆ. ಅದನ್ನೇ ಕಾಣುವುದು ಅಂದುಕೊಂಡಿದ್ದೆ.

ಹಗಲಲ್ಲಿ ಕಿಟಕಿ ಮಾತ್ರ ಕಿಟಕಿಯಾಗಿ ಕಾಣುತ್ತದೆ. ಕೋಣೆಯ ದೀಪ ಕಾಣುವುದಿಲ್ಲ. ಅತ್ತೆ ಬಂದರು, ನಿಲ್ಲಿಸುತ್ತೇನೆ.

ಮಾರ್ಚ್ 6
ಅಡುಗೆಮನೆ, ಮಲಗುವ ಕೋಣೆ, ಪ್ಯಾಸೇಜ್ ಎಲ್ಲ ಮುಗಿಸಿದ್ದಾರೆ. ಹೊಸ ದೀಪಕ್ಕೆ ಕಾವೂ ಇಲ್ಲ, ಸದ್ದೂ ಇಲ್ಲ. ಹಾಕಿದೆಯೋ ಆರಿಸಿದೆಯೋ ಅಂತ ಸ್ವಿಚ್ ತಡವಿ ನೋಡಬಹುದು, ಪ್ಯಾಸೇಜಿನಲ್ಲಿ ಅದೂ ಆಗದು, ಎರಡೂ ತುದಿಗೆ ಸ್ವಿಚ್ಚಿದೆ.

"ನನ್ನ ಕೋಣೇದು ಹಾಗೇ ಇರಲಿ ರೀ. ಆ ಬೆಳಕಲ್ಲೇ ದಾರದ ಬಣ್ಣ ಸರಿಯಾಗಿ ಗೊತ್ತಾಗೋದು."

ಉಳಿಸಿಕೊಂಡೆ ಅಂದುಕೊಂಡೆ. ಸಂಜೆ ಬೇರೆ ಪೆಟ್ಟಿಗೆ ಬಂತು. "ಅಂಗಡಿಯವನ ತಲೆ ತಿಂದು ತಂದೆ. ವಾರ್ಮ್ ವೈಟ್. ಬಣ್ಣ ಇದ್ದ ಹಾಗೇ ತೋರಿಸುತ್ತಂತೆ. ನಿನಗೋಸ್ಕರ." ದನಿಯಲ್ಲಿ ಎಷ್ಟು ಖುಷಿ. ಅಳು ಬಂತು. ಈರುಳ್ಳಿ ಹೆಚ್ಚುತ್ತಿದ್ದೆ, ಬಚಾವಾದೆ.

ಪುಣ್ಯಕ್ಕೆ ನಾಳೆಯಿಂದ ಇವರಿಗೆ ದೂರದ ರೂಟು. ರಜೆ ಸಿಗುವ ತನಕ ಕೋಣೆ ನನ್ನದು.

ಏಪ್ರಿಲ್ 19
ಡ್ರೈಕ್ಲೀನರ್ ಅಂಗಡಿಯಾಕೆ ತಾನೇ ಬಂದಿದ್ದಳು. ಹೋದ ವಾರ ಕಳಿಸಿದ ಇನ್ನೊಂದು ಬೂದು ಕೋಟಿಗೆ ಕಂದು ದಾರ ಹಾಕಿದ್ದೇನೆ. ಕೂಗಾಡಿದ್ದರೆ ಚೆನ್ನಾಗಿತ್ತು. "ಆಗುತ್ತೆ ಬಿಡಿ ಅಕ್ಕಾ" ಅಂತ ಮೆತ್ತಗೆ ಅಂದಳು, ಉಳಿದ ಬಟ್ಟೆಗಳನ್ನೂ ಮಡಿಸಿಕೊಂಡು ಹೋದಳು. ಮತ್ತೆ ಕಳಿಸುವುದಿಲ್ಲ.

ಸೀಸನ್ ಇಲ್ಲ, ಕೆಲಸ ಕಡಿಮೆ ಅಂತ ಇವರಿಗೆ ಹೇಳಿದೆ. ಅತ್ತೆ ಪಕ್ಕದಲ್ಲೇ ಇದ್ದರು. ಟೀ ಲೋಟ ತಂದು ನನ್ನ ಬೆರಳಿಗೇ ಹಿಡಿಸಿದರು. ಗೊತ್ತಾಗಿದೆ ಅವರಿಗೆ.

ಮೇ 11
ಹಾಳೆಯ ಮೇಲೆ ಸ್ಕೇಲ್ ಇಟ್ಟುಕೊಂಡು ಅದರ ಅಂಚು ಹಿಡಿದು ಬರೆಯುತ್ತಿದ್ದೇನೆ. ಸಾಲಿನ ಮೇಲೆ ಸಾಲು ಬಿದ್ದಿದ್ದರೆ ಬಿದ್ದಿರಲಿ, ಓದುವವರು ಯಾರು. ಕಿಟಕಿಯೂ ಹೋಯಿತು.

ಈವತ್ತು ರಜೆ. ಇವರು ಬೆಳಿಗ್ಗೆಯೇ ಏಣಿ ತಂದರು. ಗಾಜಿನ ಬಲ್ಬುಗಳು ಒಂದೊಂದಾಗಿ ಬಕೆಟ್ಟಿಗೆ ಬಿದ್ದ ಸದ್ದು ಕೇಳಿದೆ. ಟ್ರಾನ್ಸ್‌ಫಾರ್ಮರನ್ನೂ ಮರೆಯದೆ ಕಿತ್ತರು. ಡ್ರೈವರ್ ಕೂರಿಸಿದರು. ಒಂದು ತಪ್ಪಿಲ್ಲ.

"ಬಾ, ಇಲ್ಲಿ ನಿಂತ್ಕೋ. ಕೆಳಗೆ ನೋಡ್ಬೇಡ, ಮೇಲೆ ನೋಡು."

ನಿಂತೆ. ಮುಖ ಎತ್ತಿದೆ. ಹಣೆಯ ಮೇಲೆ ಏನೂ ಇಲ್ಲ.

"ಹೇಗಿದೆ?"

ಚೆನ್ನಾಗಿದೆ ಅನ್ನುವುದು ನಾಲಿಗೆಯ ತುದಿಯಲ್ಲಿತ್ತು. ಆದರೆ ಸುಳ್ಳು ಹೇಳುವುದಕ್ಕಾದರೂ ದೀಪ ಹತ್ತಿದೆಯೋ ಇಲ್ಲವೋ ಗೊತ್ತಿರಬೇಕಲ್ಲ.

"ಹಾಕಿದ್ದೀರಾ ರೀ?"

ಇವರ ಹೆಜ್ಜೆ ನನ್ನ ಪಕ್ಕದಿಂದ ಸರಿಯಿತು. ಆಮೇಲೆ ಬಾಗಿಲ ಹತ್ತಿರ ಸ್ವಿಚ್ ಟಕ್ ಅಂದಿತು.

"ಈಗ?"

"ಇಲ್ಲ ರೀ."

ಟಕ್. "ಈಗ?"

ಡಾಕ್ಟರಮ್ಮ ಅಂದದ್ದನ್ನೆಲ್ಲ ಆಗ ಹೇಳಿದೆ. ನರ ಸತ್ತಿರುವುದು, ಬೆಳಕಿನಿಂದ ಆಗುವಂಥದ್ದಲ್ಲ, ನಾನು ಮುಚ್ಚಿಟ್ಟದ್ದು. ಕೇಳಿಸಿಕೊಂಡರೋ ಇಲ್ಲವೋ. ಕೈ ಹಿಡಿದು ಹಾಲ್‌ಗೆ ಕರೆದೊಯ್ದರು. ಟಕ್. "ಈಗ?" ಅಡುಗೆಮನೆ. ಟಕ್. "ಇಲ್ಲಿ ಜಾಸ್ತಿ ವ್ಯಾಟ್ ಹಾಕಿದೀನಿ, ಈಗ?" ಅತ್ತೆ "ಬಿಡೋ ಮಗಾ, ಸಾಕು ಬಿಡೋ" ಅಂತ ಹಿಂದೆ ಹಿಂದೆಯೇ ಬಂದರು. ಮನೆಯ ಒಂದು ದೀಪವನ್ನೂ ಬಿಡಲಿಲ್ಲ.

ಕೊನೆಗೆ ಇಲ್ಲಿಗೇ ತಂದು ಕೂರಿಸಿದರು. ನಾನು ಬರೆಯುತ್ತಿದ್ದೇನೆ. ಇವರು ಇನ್ನೂ ಸ್ವಿಚ್ಚಿನ ಹತ್ತಿರವೇ. ಟಕ್. ಉತ್ತರ ಕೊಡುವುದನ್ನು ನಿಲ್ಲಿಸಿದ್ದೇನೆ. ಟಕ್. ದನಿ ಒಡೆದಿದೆ. "ಒಂಚೂರಾದ್ರೂ ಕಾಣ್ತಾ ಹೇಳೇ. ಈಗ?" ಟಕ್. "ಈಗ?" ಹೂಂ ಅಂದುಬಿಡಲೇ ಅಂತ ಅನ್ನಿಸುತ್ತಿದೆ. ಟಕ್.